ಐದು ಸಾವಿರದ ನಲವತ್ತು ಸಾಲು

ಸಫೊಕ್ ಸೀಮೆಯ ಒಂದು ಹಳ್ಳಿಯಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಎಫ್ರಾಯಿಂ ಪಾಟಲ್‌ಗೆ ಓದು ಅಷ್ಟಕ್ಕಷ್ಟೆ. ಆದರೆ ಐದು ಸಾವಿರದ ನಲವತ್ತು ಎಂಬ ಸಂಖ್ಯೆ ಅವನಿಗೆ ಗೊತ್ತಿದ್ದಷ್ಟು ಯಾವ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಒಂದರಿಂದ ಏಳರವರೆಗೆ ಗುಣಿಸುತ್ತ ಹೋದರೂ ಅದೇ, ಏಳರಿಂದ ಹತ್ತರವರೆಗೆ ಗುಣಿಸಿದರೂ ಅದೇ. ಶೇಷವಿಲ್ಲದೆ ಅದನ್ನು ಭಾಗಿಸುವ ಸಂಖ್ಯೆಗಳು ಅರವತ್ತು. ಚರ್ಮಕ್ಕೆ ದಬ್ಬಳ ಚುಚ್ಚುತ್ತ ಅರವತ್ತನ್ನೂ ಜಪದ ಹಾಗೆ ಹೇಳಿಕೊಳ್ಳುತ್ತಿದ್ದ.

“ಹೆಂಡ್ತಿ ಹುಟ್ಟಿದ್ ದಿನ ಮರ್ತೋನು, ಇದೊಂದ್ ಮರೀಬೇಡ ಕಣೋ,” ಎಂದು ಜೀವದ ಗೆಳೆಯ ಜೇಬೆಸ್ ಥರ್ಕೆಟಲ್ ಕಾಲೆಳೆಯುತ್ತಿದ್ದ.

ಚರ್ಚಿನ ಗೋಪುರದಲ್ಲಿ ಏಳು ಗಂಟೆ, ಹಗ್ಗ ಎಳೆಯಲು ಎಫ್ರಾಯಿಂ, ಜೇಬೆಸ್ ಸೇರಿ ಏಳು ಜನ. ಏಳು ಗಂಟೆಗಳನ್ನು ಬಾರಿಸಬಹುದಾದ ಕ್ರಮಗಳು ಒಟ್ಟು ಐದು ಸಾವಿರದ ನಲವತ್ತು. ಒಂದೊಂದು ಕ್ರಮವೂ ಒಂದೊಂದು ಸಾಲು; ಪ್ರತಿ ಸಾಲೂ ಒಂದೇ ಸಲ ಬರಬೇಕು. ಮೂರು ತಾಸು ನಿಲ್ಲುವಂತಿಲ್ಲ, ಚೀಟಿ ನೋಡುವಂತಿಲ್ಲ, ತಮಾಷೆಯ ಮಾತಲ್ಲ. ಯಾವಾಗ ಕ್ರಮ ತಿರುಗಿಸಬೇಕೆಂದು ನೆನಪಿನಿಂದ ಕೂಗಿ ಹೇಳುವವನು ಎಫ್ರಾಯಿಂ. ಒಂದು ಸಾಲು ಎರಡು ಸಲ ಬಂತೋ, ಇನ್ನೊಂದು ಬರಲೇ ಇಲ್ಲವೆಂದು ಅರ್ಥ. ಆ ಸಂಖ್ಯೆಯಲ್ಲಿ ಒಂದು ಸಾಲಿನಷ್ಟೂ ಸಡಿಲವಿಲ್ಲ. ಆಗ ಬಾರಿಸಿದ್ದೆಲ್ಲ ಸುಳ್ಳು.

ಯುದ್ಧ ಮುಗಿದ ವರ್ಷ, ಸತ್ತ ಹುಡುಗರ ನೆನಪಿಗೆಂದು ಅದನ್ನು ಬಾರಿಸಿದರು. ಬಾರಿಸಿದ ಏಳು ಜನರ ಹೆಸರು ಬರೆದ ಹಲಗೆ ಗೋಪುರದ ಗೋಡೆ ಏರಿತು. ಆ ಚಳಿಗಾಲದಲ್ಲೇ ಜೇಬೆಸ್ ಎದೆಜ್ವರದಿಂದ ತೀರಿಕೊಂಡ. ಸಮಾಧಿಯ ಮರದ ಶಿಲುಬೆ ಕೆಲವೇ ವರ್ಷಗಳಲ್ಲಿ ಕೊಳೆತುಬಿತ್ತು. ಅವನ ಹೆಸರು ಉಳಿದದ್ದು ಆ ಹಲಗೆಯ ಮೇಲೆ ಮಾತ್ರ. ಅವನ ಹೆಂಡತಿ ಕೆಜಾಯ ಪ್ರತಿ ಭಾನುವಾರ ಮೆಟ್ಟಿಲು ಹತ್ತಿ ಬಂದು ಅದರ ಧೂಳು ಒರೆಸುತ್ತಿದ್ದಳು.

ಅದನ್ನು ಬಾರಿಸಿದ ದಿನ ತನ್ನದೊಂದು ಕೂಗು ತಡವಾಯಿತೇನೋ ಎಂಬ ಅನುಮಾನ ಎಫ್ರಾಯಿಮನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ಸರಿಯಾಗಿ ಮುಗಿದಾಗ ಆಗಬೇಕಾದಂತೆ ಗಂಟೆಗಳು ಕೊನೆಗೆ ಶುರುವಿನ ಸಾಲಿಗೇ ಮರಳಿದ್ದರಿಂದ ಬಾಯಿ ಮುಚ್ಚಿಕೊಂಡಿದ್ದ. ಹನ್ನೊಂದು ವರ್ಷದ ಮೇಲೆ, ಕಸುಬು ಬಿಟ್ಟು ಮನೆಯಲ್ಲಿ ಕೂತಾಗ, ತಡವಾದ ಆ ಕೂಗನ್ನೂ ಸೇರಿಸಿ, ಬಾರಿಸಿದ ಅಷ್ಟೂ ಸಾಲುಗಳನ್ನು ನೆನಪಿನಿಂದ ಬರೆದು ನೋಡಿದ. ಇಪ್ಪತ್ತೆಂಟು ಸಾಲು ಎರಡೆರಡು ಸಲ. ಇಪ್ಪತ್ತೆಂಟು ಸಾಲು ಎಲ್ಲಿಯೂ ಇಲ್ಲ. ಅಯ್ಯೋ, ಆ ಮುದುಕನ ಎದೆ ಒಡೆದುಹೋಯಿತು.

ಸುಳ್ಳಾದದ್ದರ ಹಲಗೆ ಗೋಡೆಯ ಮೇಲಿರುವಂತಿಲ್ಲ. ಹೇಳಿದರೆ ಹಲಗೆ ಇಳಿಯಬೇಕು, ಜೇಬೆಸ್‌ನ ಹೆಸರೂ ಇಳಿಯಬೇಕು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಮೂರು ವಾರ ಮತ್ತೆ ಮತ್ತೆ ಎಣಿಸಿ ನೋಡಿದ. ನಾಲ್ಕನೆಯ ಭಾನುವಾರ ಕಾಗದದ ಕಟ್ಟು ಹಿಡಿದು ಗೋಪುರ ಹತ್ತಿದ. ಕೆಜಾಯ ಹಲಗೆ ಒರೆಸುತ್ತಿದ್ದಳು.

“ಕೆಜಾಯ, ಅದು ಸುಳ್ಳಾಯ್ತು ಕಣೆ. ನಾನೇ ತಡವಾಗಿ ಕೂಗ್ಬಿಟ್ಟೆ.”

ಅವಳು ಬಟ್ಟೆ ಮಡಿಸಿದಳು. “ಅಂತೂ ಬಂದ್ಯಲ್ಲ ಮಾರಾಯ.”

“ನಿಂಗೆ ಗೊತ್ತಿತ್ತಾ?”

“ಅವತ್ತು ನಮ್ಮನೆಯೋರು ಮನೆಗ್ ಬಂದು ಬೂಟ್ ಕೂಡ ಬಿಚ್ಲಿಲ್ಲ. ‘ಎಫ್ರಾಯಿಂ ಒಂದ್ಕಡೆ ಎಡವ್ದ. ನೀನ್ ಬಾಯ್ಬಿಡ್ಬೇಡ, ಅವ್ನು ತಡ್ಕೊಳ್ಳಲ್ಲ. ಅವ್ನೇ ಕಂಡ್ಕೊಳ್ಲಿ’ ಅಂದ್ರು.”

“ಹನ್ನೊಂದ್ ವರ್ಷ ಗೊತ್ತಿದ್ದೂ ಸುಳ್ಳು ಹಲಗೇನ ಒರ್ಸಿದ್ಯಾ?”

“ಹೆಸ್ರು ಸುಳ್ಳಲ್ವಲ್ಲೋ.” ಅವಳು ಹಲಗೆಯ ಮೇಲೆ ಕೈಯಾಡಿಸಿದಳು. “ಆದ್ರೂ ಇಳ್ಸು. ಅವ್ರಿದ್ದಿದ್ರೂ ಇಳ್ಸು ಅಂತಲೇ ಅಂತಿದ್ರು.”

ಎಫ್ರಾಯಿಂ ಮೊಳೆ ಕಿತ್ತ. ಹಲಗೆ ಭಾರವಿತ್ತು. ಇನ್ನೊಂದು ತುದಿಯನ್ನು ಕೆಜಾಯ ಹಿಡಿದಳು. ಇಬ್ಬರೂ ಅದನ್ನು ಮೆಟ್ಟಿಲಿಳಿಸಿ ಅವಳ ಮನೆಗೇ ಹೊತ್ತುಕೊಂಡು ಹೋದರು.