ಶಿಲುಬೆಯ ಬುಡಕ್ಕೆ ಕಲ್ಲು ಹೊತ್ತವಳು

ಸ್ಪೇನಿನ ಸಾಂತಿಯಾಗೊ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಹೊರಟವರಲ್ಲಿ ಎಷ್ಟೋ ಮಂದಿ ಬರಿಬೆನ್ನಿನಲ್ಲಿ ನಡೆಯುತ್ತಾರೆ. ಅವರ ಚೀಲ ವ್ಯಾನಿನಲ್ಲಿ ಹೋಗುತ್ತದೆ. ವ್ಯಾನಿಗೆ ಯಾವ ಚೀಲವೂ ತಾನಾಗಿ ಹತ್ತುವುದಿಲ್ಲ.

ಆ ದಾರಿಯ ರಬನಾಲ್ ಊರಲ್ಲಿ ಚೀಲ ಹತ್ತಿಸಿ ವ್ಯಾನು ಓಡಿಸುತ್ತಿದ್ದವಳು ಒಬ್ದುಲಿಯಾ. ಐವತ್ತಾರು ವರ್ಷ. ಅವಳ ಮುತ್ತಜ್ಜ, ಅಜ್ಜ ಇಬ್ಬರೂ ಹೇಸರಗತ್ತೆಗಳ ಮೇಲೆ ಉಪ್ಪುಮೀನು ಸಾಗಿಸಿದವರು. ಆ ಮನೆಗೆ ಎರಡು ಕಟ್ಟಳೆ: ಹೇರಿನ ಒಂದು ಮಗ್ಗುಲನ್ನು ಮೊದಲು ಮಾಲೀಕನೇ ಎತ್ತಬೇಕು, ಒಪ್ಪಿಕೊಂಡ ಹೇರನ್ನು ಹೇಳಿದ ಜಾಗಕ್ಕೆ ಮುಟ್ಟಿಸದೆ ಕೆಳಗಿಳಿಸಬಾರದು. ಮೊದಲನೆಯದನ್ನು ಮಾಲೀಕರು ಎಂದೋ ಮರೆತಿದ್ದಾರೆ. ಎರಡನೆಯದನ್ನು ಇವಳು ಬಿಟ್ಟಿರಲಿಲ್ಲ.

ಎರಡು ತಿಂಗಳಿಂದ ಅವಳ ಬಲ ಅಂಗಾಲು ಜೋಮು ಹಿಡಿದಿತ್ತು. ಇನ್ನು ಭಾರ ಎತ್ತಿದರೆ ಕಾಲೇ ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಒಂದು ದಿನ ಬೆಟ್ಟದ ಇಳಿಜಾರಿನಲ್ಲಿ, ಬ್ರೇಕಿನ ಮೇಲೆ ಕಾಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ವ್ಯಾನಿನ ಕೀಲಿ ಕಸಿಯುತ್ತಾರೆ. ಆ ಬೆಟ್ಟದಲ್ಲಿ ಬೇರೆ ಕೆಲಸವೆಲ್ಲಿದೆ?

"ಏನಕ್ಕಾ, ಇವತ್ತು ಇಷ್ಟು ಮೆಲ್ಲಗೆ ಬಗ್ತಿದ್ದೀಯ? ನಿಂಗೂ ಭಕ್ತಿ ಬಂತಾ?" ಮರುದಿನ ಬೆಳಿಗ್ಗೆ ಚೀಲ ಹತ್ತಿಸುತ್ತಿದ್ದವಳನ್ನು ಯಾತ್ರಿಕರ ವಸತಿ ನೋಡಿಕೊಳ್ಳುವ ಏವುತಿಮಿಯೊ ಕಿಚಾಯಿಸಿದ.

"ನೀನು ಕಾಯಿಸಿದ ಕಾಫಿ ಕುಡಿದ್ರೆ ಯಾರಿಗಾದ್ರೂ ದೇವರು ನೆನಪಾಗ್ತಾನೆ. ಸುಮ್ನಿರೋ."

ಕೊನೆಗೆ ಉಳಿದದ್ದು ಒಂದು ನೀಲಿ ಚೀಲ. ಎತ್ತಿದೊಡನೆ ಸೊಂಟದಿಂದ ಹಿಮ್ಮಡಿಯವರೆಗೆ ಚಳುಕು ಹೊಡೆಯಿತು. "ಇದರೊಳಗೇನು, ಹೆಣ ತುಂಬಿದ್ದಾರಾ?"

"ಅದು ಕಲ್ಲು ಕಣಮ್ಮಾ, ಹುಷಾರು," ಎನ್ನುತ್ತ ಚೀಲದ ಧಣಿ ಬಂದ. ಮ್ಯಾಡ್ರಿಡ್‌ನ ವಕೀಲ, ಗೊನ್ಸಾಲೊ. ಕೈಯಲ್ಲಿ ಹಗುರವಾದ ಊರುಗೋಲು.

ಮನಸ್ಸಿನ ಭಾರಕ್ಕೆ ಗುರುತಾಗಿ ಮನೆಯಿಂದ ಒಂದು ಕಲ್ಲು ತಂದು, ಬೆಟ್ಟದ ನೆತ್ತಿಯಲ್ಲಿ ಎತ್ತರದ ಕಂಬದ ಮೇಲಿರುವ ಕಬ್ಬಿಣದ ಶಿಲುಬೆಯ ಬುಡಕ್ಕೆ ಹಾಕುವುದು ಈ ದಾರಿಯ ವಾಡಿಕೆ. ಬೇರೆಯವರದು ನಿಂಬೆಹಣ್ಣಿನಷ್ಟಿರುತ್ತದೆ. ಇವನದು ರುಬ್ಬುವ ಗುಂಡಿನಷ್ಟಿತ್ತು.

"ನಮ್ಮಪ್ಪನ ಮನೆ ಹೊಸಿಲಿನ ತುಂಡು," ಎಂದ. "ಒಂಬತ್ತು ವರ್ಷ ಅವರ ಹತ್ರ ಮಾತು ಬಿಟ್ಟಿದ್ದೆ. ಹೋಗ್ಬಿಟ್ರು."

"ಹಾಗಿದ್ರೆ ನೀವೇ ಹೊರಬೇಕಲ್ವಾ, ಸ್ವಾಮಿ?"

"ಮಂಡಿ ನೋವಮ್ಮಾ. ನೀವು ಹೇಗೂ ಆ ದಾರೀಲೇ ಹೋಗ್ತೀರಿ. ಕಂಬದ ಬುಡಕ್ಕೇ ಇಡಿ, ಕಲ್ಲುಗುಡ್ಡೆ ಕೆಳಗಡೆ ಬೇಡ. ನಾನು ಬಂದು ಪ್ರಾರ್ಥನೆ ಮಾಡ್ಕೊತೀನಿ."

ಸತ್ತ ಅಪ್ಪನ ಹೆಸರು ಬಂದ ಮೇಲೆ ಅವಳಿಗೆ ಇಲ್ಲವೆನ್ನಲಾಗಲಿಲ್ಲ. ಒಪ್ಪಿದಳು.

ನೆತ್ತಿಯಲ್ಲಿ ವ್ಯಾನು ನಿಲ್ಲಿಸಿದಳು. ಕಂಬದ ಸುತ್ತ ಊರೂರಿನ ಪಾಪ ಗುಡ್ಡೆಯಾಗಿ ಬಿದ್ದಿದೆ. ಕಾಲಿಟ್ಟರೆ ಜಾರುವ ಸಡಿಲ ಕಲ್ಲುಗಳು. ಗುಡ್ಡೆಯ ಕೆಳಗೇ ಎಸೆದು ಹೋಗಿದ್ದರೆ ಯಾರು ಕೇಳುತ್ತಿದ್ದರು? ಅವಳು ಎಸೆಯಲಿಲ್ಲ. ಕಲ್ಲನ್ನು ಹೊಟ್ಟೆಗವಚಿಕೊಂಡು ಹತ್ತಿದಳು. ಕಂಬದ ಬುಡದಲ್ಲಿ ಇಟ್ಟಳು. ತಿರುಗುವಾಗ ಬಲಗಾಲು ಎಲ್ಲಿದೆಯೆಂದೇ ತಿಳಿಯಲಿಲ್ಲ. ಮಂಡಿಯೂರಿ ಬಿದ್ದವಳು ಏಳಲಾರದೆ, ಕಂಬ ತಬ್ಬಿಕೊಂಡು ಅಳತೊಡಗಿದಳು.

ಯಾತ್ರಿಕರು ಬಂದರು. "ಕಾಲು, ನನ್ನ ಕಾಲು," ಎಂದಳು. ಭಾಷೆ ಬಾರದವರು ತಲೆಬಾಗಿದರು. ಒಬ್ಬಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಇನ್ನೊಬ್ಬ ಕಣ್ಣೊರೆಸಿಕೊಳ್ಳುತ್ತ ಫೋಟೊ ತೆಗೆದ. ಎಂಥ ಭಕ್ತೆ! ಅವಳ ಪ್ರಾರ್ಥನೆಗೆ ಭಂಗವಾಗಬಾರದೆಂದು ಎಲ್ಲರೂ ತುದಿಗಾಲಲ್ಲಿ ಇಳಿದು ಹೋದರು.

ಎರಡು ಗಂಟೆಯ ನಂತರ ಗೊನ್ಸಾಲೊ ಬಂದ. ಅವನ ಕಣ್ಣು ಮೊದಲು ಹುಡುಕಿದ್ದು ಕಲ್ಲನ್ನು.

"ನಿಮ್ಮ ಕಲ್ಲು ಅಲ್ಲಿದೆ," ಎಂದಳು ಒಬ್ದುಲಿಯಾ. "ನಾನು ಇಲ್ಲಿದ್ದೀನಿ. ಯಾವುದನ್ನ ಎತ್ತುತ್ತೀರೋ ನೋಡಿ."

ಅವನು ಊರುಗೋಲು ಬಿಸಾಡಿದ. ಅವಳ ಕಂಕುಳಿಗೆ ಕೈ ಹಾಕಿ ಎತ್ತಲು ಹೋಗಿ, ತಾನೂ ಜಾರಿ ಪಕ್ಕದಲ್ಲಿ ಕುಸಿದ. ಆಂಬುಲೆನ್ಸ್ ಬರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು. ಪ್ರಾರ್ಥನೆ ಅವನ ಬಾಯಿಗೆ ಬರಲಿಲ್ಲ.

ಆ ಕಾಲಿಗೆ ಸ್ಪರ್ಶ ಮರಳಿಲ್ಲ. ವ್ಯಾನು ಮಾತ್ರ ಮಾರನೆಯ ದಿನವೇ ಹೊರಟಿತು, ಇನ್ನೊಬ್ಬರ ಸೊಂಟದ ಮೇಲೆ. ಒಬ್ದುಲಿಯಾ ಈಗ ಜಗುಲಿಯ ಮೇಲೆ ಕೂತು, ಬರಿಬೆನ್ನಿನಲ್ಲಿ ಹಾಯುವವರನ್ನು ನೋಡುತ್ತಾಳೆ. ಅವರು ಕೈಬೀಸುತ್ತಾರೆ. ಅವಳು ಬೀಸುವುದಿಲ್ಲ.

ಇದನ್ನು ಓದುತ್ತಿರುವ ನಿಮ್ಮದೂ ಒಂದು ಭಾರ ಇವತ್ತು ಯಾರದೋ ಬೆನ್ನ ಮೇಲಿದೆ. ಯಾರದೆಂದು ನಿಮಗೆ ಗೊತ್ತಿದೆ. ಏಳಿ, ಹೋಗಿ ಅದರ ಒಂದು ಮಗ್ಗುಲನ್ನು ನಿಮ್ಮ ಕೈಯಾರೆ ಎತ್ತಿ.