ಸಾರಿನ ಮುಂದೆ ನಿಲ್ಲದ ಹಾಳೆ

ಗೆಳೆಯರೇ, ಇವತ್ತು ಚನ್ನಗಿರಿಯ ನಮ್ಮ ಅಡಿಕೆ ಹಾಳೆ ತಟ್ಟೆಯ ಫ್ಯಾಕ್ಟರಿಗೆ ಉಬ್ರಾಣಿ ಕಡೆಯ ಹೊಸ ಹಾಳೆ ವ್ಯಾಪಾರಿಯೊಬ್ಬರು ಬಂದಿದ್ದರು.

"ಹಳಬರನ್ನ ಬಿಡ್ರಿ ಅಕ್ಕಾರೆ, ನನ್ನ ಹಾಳೆ ಕಬ್ಬಿಣ ಇದ್ದಂಗೈತೆ."

ಮುಂದಿನ ವಾರ ಒಂದು ದೊಡ್ಡ ಮದುವೆಗೆ ತಟ್ಟೆ ಕೊಡಬೇಕು. ಬರೀ ಮಾತು ನಂಬಿ ಹಾಳೆ ಕೊಳ್ಳುವಂತಿಲ್ಲ. ಅವರು ತಂದ ಹಾಳೆಯಲ್ಲೇ ತಟ್ಟೆ ಒತ್ತಿಸಿ, "ಊಟ ಮಾಡ್ಕೊಂಡು ಹೋಗ್ರಿ" ಎಂದು ಅವರ ಕೈಗೇ ಕೊಟ್ಟು, ಅನ್ನದ ಮೇಲೆ ಧಾರಾಳವಾಗಿ ಸಾರು ಬಡಿಸಿದೆ. ಹೊಸ ಸಪ್ಲೈಯರ್‌ಗೆ ನಮ್ಮಲ್ಲಿ ಇದೇ ಇಂಟರ್‌ವ್ಯೂ.

ಮೂರನೇ ತುತ್ತಿಗೆ ಸಾರು ಸೋರಿ ಬಿಳಿ ಪಂಚೆ ಹಳದಿಯಾಯಿತು. ಅವರು ಅಳುಕಲಿಲ್ಲ.

"ಹಿಂಗ್ ಮಾಡ್ರಿ, ಇವನ್ನ ಬರೇ ಚಿತ್ರಾನ್ನಕ್ಕೆ ಅಂತ ಮಾರಿಬಿಡ್ರಿ."

ಸಾರಿಲ್ಲದ ಮದುವೆ ನಮ್ಮ ತಾಲ್ಲೂಕಿನಲ್ಲಿ ಇನ್ನೂ ನಡೆದಿಲ್ಲ. ನಡೆದ ದಿನ ಮೊದಲ ಫೋನ್ ಅವರಿಗೇ.