ತೊಳೆದ ಗುಂಡು

ನಾನು ಹುಟ್ಟಾ ಸಂಶಯದವನು. ಶಹಾಬಾದಿನ ಹಾಸುಗಲ್ಲಿನ ಗಣಿಯಲ್ಲಿ ಕೂಲಿ ಮಾಡುತ್ತಿದ್ದ ಕಾಲ, ರಾಜ್ಯಕ್ಕೆ ಇನ್ನೂ ಮೈಸೂರು ಅನ್ನುವ ಹೆಸರೇ ಇತ್ತು. ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಅಂದುಕೊಳ್ಳುತ್ತಿದ್ದೆ. ನಗದಿದ್ದರೆ ಒಳಗೊಳಗೇ ಏನೋ ಮಸೆಯುತ್ತಿದ್ದಾರೆ ಅಂತ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಇಂಥವನು ನಾಗರ ಪಂಚಮಿಯ ದಿನ ಗುಂಡು ಎತ್ತಲು ಹೋಗುತ್ತಿದ್ದೆ.

ನಮ್ಮದು ಚಪ್ಪಟೆ ಕಲ್ಲಿನ ಸೀಮೆ. ಹನುಮಪ್ಪನ ಗುಡಿಯ ಮುಂದಿನ ಆ ದುಂಡನೆಯ ಕರಿಗುಂಡು ಎಲ್ಲಿಂದ ಬಂತೋ ಯಾರಿಗೂ ತಿಳಿಯದು. ಅದನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ ತಂದು, ಹೆಗಲ ಮೇಲಿಂದ ಹಿಂದಕ್ಕೆ ಕೆಡವಬೇಕು. ಹಿಂದಿನ ವರ್ಷ ಎದೆಯ ತನಕ ತಂದು ಬಿಟ್ಟಿದ್ದೆ. ದಿನವೂ ಕಲ್ಲು ಹೊರುವವನಿಗೆ ಒಂದು ಕಲ್ಲು ಏಳಲಿಲ್ಲವಂತೆ ಎಂದು ಓಣಿಯವರು ವರ್ಷವಿಡೀ ಆಡಿಕೊಂಡರು. ಈ ಸಲ ಅದು ಹೆಗಲು ದಾಟಲೇಬೇಕಿತ್ತು. ದಾಟದಿದ್ದರೆ ಆ ಓಣಿಯಲ್ಲಿ ನಾನು ತಲೆಯೆತ್ತಿ ತಿರುಗುವಂತಿರಲಿಲ್ಲ.

ತಾಲೀಮು ಕಲಿಸುತ್ತಿದ್ದ ವಸ್ತಾದರು ದಿನವೂ ಹೇಳುತ್ತಿದ್ದದ್ದು ಒಂದೇ ಮಾತು.

"ಮಂದಿ ಕಡಿ ನೋಡಬ್ಯಾಡ ತಮ್ಮಾ. ಗುಂಡಿನ ಕಡಿ ನೋಡು."

ನಾನು ಹೂಂ ಅನ್ನುತ್ತಿದ್ದೆ. ಇವರೂ ಎಲ್ಲೋ ನನ್ನ ಬಗ್ಗೆ ಆಡಿಕೊಂಡಿರಬೇಕು, ಅದಕ್ಕೇ ಹೀಗೆ ಸಮಾಧಾನ ಮಾಡುತ್ತಾರೆ ಎಂದು ಮನಸ್ಸು ಹೇಳುತ್ತಿತ್ತು.

ಆ ಪಂಚಮಿಗೆ ವಾಡಿಯಿಂದ ರೈಲ್ವೆ ಗ್ಯಾಂಗ್‌ಮನ್ ಒಬ್ಬ ಬಂದಿದ್ದ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನನಗಿಂತ ಮೊದಲು ಅವನ ಸರದಿ. ನಿರಾಯಾಸವಾಗಿ ಹೆಗಲು ದಾಟಿಸಿದ. ಗುಂಡು ಹಾಸುಗಲ್ಲಿನ ಮೇಲೆ ದಢಾರನೆ ಬಿತ್ತು. ಆಮೇಲೆ ಅವನು ಪಕ್ಕಕ್ಕೆ ಸರಿಯಬೇಕೋ ಬೇಡವೋ? ಗುಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದರ ಕೆಳಬದಿಯನ್ನು ತಿಕ್ಕತೊಡಗಿದ. ಮುಟ್ಟಿ ನಮಸ್ಕರಿಸುವುದು ಎಲ್ಲರಿಗೂ ರೂಢಿ, ಆದರೆ ಅಷ್ಟು ಹೊತ್ತೇ? ನನ್ನ ಕೈ ಜಾರಲೆಂದು ಎಣ್ಣೆ ಸವರುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಹಿರಿಯರ ಎದುರು ಹಾಗೆಯೇ ಹೇಳಿಬಿಟ್ಟೆ.

ನಮ್ಮಲ್ಲಿ ಒಂದು ಪದ್ಧತಿ. ಗುಂಡಿನ ಮೇಲೆ ಅನುಮಾನಪಟ್ಟವನೇ ಎಲ್ಲರೆದುರು ಅದನ್ನು ತೊಳೆಯಬೇಕು. ಬಾವಿಯಿಂದ ಕೊಡ ಹೊತ್ತು ತಂದೆ. ಮರಳು ಹಾಕಿ ತಿಕ್ಕಿದೆ. ಹೆಂಗಸರು ಜೋಕಾಲಿ ಬಿಟ್ಟು ನೋಡಲು ಬಂದರು. ಕುಂಬಳಕಾಯಿ ಕಳ್ಳನ ಹಾಗೆ ಅವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆಂದು ಕಾದೆ. ಅವನು ಮುಷ್ಟಿ ಕಟ್ಟಿಕೊಂಡು ನಿಂತಿದ್ದ. ಆ ಮುಚ್ಚಿದ ಮುಷ್ಟಿಯೂ ನನಗೆ ಸಂಶಯವೇ.

ಒಬ್ಬ ಹಿರಿಯರು ಹರಿದ ನೀರನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಎಣ್ಣೆಯ ಜಿಡ್ಡೂ ಇಲ್ಲ, ವಾಸನೆಯೂ ಇಲ್ಲ ಅಂದರು. ಆಗ ವಾಡಿಯವನು ಮುಂದೆ ಬಂದು ಅಂಗೈ ಬಿಚ್ಚಿ ತೋರಿಸಿದ. ಉದ್ದಕ್ಕೆ ಕೊಯ್ದು ರಕ್ತ ಒಸರುತ್ತಿತ್ತು.

"ಕೆಳಗ ಬಿದ್ದಾಗ ಗುಂಡಿನ ಚಕ್ಕಿ ಎದ್ದದ. ಮುಟ್ಟಿ ನೋಡಾಕ ಹೋದ್ರ ನನ್ನ ಕೈ ಕೊಯ್ತು. ನಿನ್ನದೂ ಕೊಯ್ಬಾರದಂತ ಕಲ್ಲಿನ ಹರಳಿಲೆ ತಿಕ್ಕಾಕತ್ತಿದ್ದೆ, ತಮ್ಮಾ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಗುಂಡು ಒರೆಸಿ, ಕೈ ಜಾರದಂತೆ ಬೂದಿ ಬಳಿದರು. ನಾನು ಬಗ್ಗಿದೆ. ತೊಡೆಗೆ ಬಂತು, ಎದೆಗೂ ಬಂತು. ಹಿಂದಿನ ವರ್ಷಕ್ಕಿಂತ ಹಗುರ ಅನ್ನಿಸಿತು. ಒಂದೇ ಒಂದು ತಳ್ಳು ಉಳಿದಿತ್ತು. ಅಷ್ಟರಲ್ಲಿ ತಲೆಯೊಳಗೆ ಒಂದು ಹುಳ ಎದ್ದಿತು. ನನಗೆ ಅವಮಾನ ಮಾಡಲೆಂದು ಇವನು ತಾನೇ ಕೈ ಕೊಯ್ದುಕೊಂಡಿದ್ದರೆ?

ಕಣ್ಣು ಅವನ ಕಡೆ ಹೊರಳಿತು. ಅವನು ರಕ್ತದ ಕೈಯನ್ನು ಮುಷ್ಟಿ ಕಟ್ಟಿಕೊಂಡು, ಅಷ್ಟು ಜನರ ನಡುವೆ ಒಬ್ಬನೇ, ಏರಿಸು ಏರಿಸು ಎಂದು ನನಗಾಗಿ ತುಟಿ ಆಡಿಸುತ್ತಿದ್ದ. ಗುಂಡು ಎದೆಯಿಂದ ಜಾರಿ ನನ್ನ ಕಾಲ ಮುಂದೆ ಬಿತ್ತು.